ನಮ್ಮ ಮೇಲೆ ತೆಗೆದ ಸಿನಿಮಾ ನಮಗೂ ತೋರಿಸಿ: ಕಲಬುರಗಿಯಿಂದ ಒಂದು ಬಹಿರಂಗ ಪತ್ರ

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ,
ಕಲಬುರಗಿ, ಬೀದರ್, ಯಾದಗಿರಿ ಜಿಲ್ಲಾಧಿಕಾರಿಗಳಿಗೆ,
ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ನಮ್ಮ ಕಡೆ ಬರುವ ಸಾಕ್ಷ್ಯಚಿತ್ರ ನಿರ್ದೇಶಕರಿಗೆ,

ಎಲ್ಲರಿಗೂ ಶರಣು.

ನಾನು ಕಲಬುರಗಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಪತ್ರಿಕೋದ್ಯಮ ಪಾಠ ಮಾಡುತ್ತೇನೆ. ಹುಟ್ಟಿದ್ದು, ಬೆಳೆದದ್ದು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಈ ಪತ್ರದಲ್ಲಿ ನಾನು ಕೇಳುತ್ತಿರುವುದು ಒಂದೇ ಮಾತು. ನಮ್ಮ ಜನರ ಮೇಲೆ ತೆಗೆದ ಸಾಕ್ಷ್ಯಚಿತ್ರಗಳು ನಮ್ಮ ಜನರಿಗೆ ನೋಡಲು ಸಿಗಬೇಕು. ನಮ್ಮ ಊರುಗಳಲ್ಲೇ ಸಿಗಬೇಕು, ನಮಗೆ ತಿಳಿಯುವ ಮಾತಿನಲ್ಲಿ ಸಿಗಬೇಕು. ಅದಕ್ಕೆ ಒಂದು ಜಾಗ ಬೇಕು, ಸ್ವಲ್ಪ ದುಡ್ಡು ಬೇಕು, ಬರೆದಿಟ್ಟ ಒಂದು ನಿಯಮ ಬೇಕು. ಯಾಕೆ ಅಂತ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ಒಂದು ವಿಚಾರ ಸಂಕಿರಣಕ್ಕೆ ಹೋಗಿದ್ದೆ. ಮಧ್ಯಾಹ್ನ ಊಟ ಆದ ಮೇಲೆ ಗುಳೆ ಹೋಗುವವರ ಬಗ್ಗೆ ಒಂದು ಸಾಕ್ಷ್ಯಚಿತ್ರ ತೋರಿಸಿದರು. ಹಾಲ್ ತುಂಬಾ ತಣ್ಣಗಿತ್ತು, ಅರ್ಧ ಜನರಿಗೆ ನಿದ್ದೆ. ಚಿತ್ರ ಶುರುವಾಗಿ ಹತ್ತು ನಿಮಿಷ ಆಗಿರಬೇಕು. ಒಂದು ಮನೆಯ ಕಟ್ಟೆಯ ಮೇಲೆ ಒಬ್ಬ ಹೆಣ್ಣುಮಗಳು ಕಟಕ್ ರೊಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಬಟ್ಟೆಯಲ್ಲಿ ಕಟ್ಟುತ್ತಿದ್ದಾಳೆ. ಆ ಕಟ್ಟೆ ನನಗೆ ಗೊತ್ತು. ಆ ಬಟ್ಟೆಯೂ ಗೊತ್ತು. ಅದು ನಮ್ಮ ಅವ್ವನ ಹಳೇ ಇಳಕಲ್ ಸೀರೆ ಹರಿದು ಮಾಡಿದ್ದು. ಪರದೆಯ ಮೇಲೆ ಇದ್ದವಳು ನಮ್ಮ ದೊಡ್ಡವ್ವ.

ಆ ಮುಖದ ಕೆಳಗೆ ಇಂಗ್ಲಿಷಿನಲ್ಲಿ ಎರಡು ಪದ ಬಂದವು. ಕನ್ನಡದಲ್ಲಿ ಹೇಳುವುದಾದರೆ, ‘ವಲಸೆ ಕೂಲಿ ಹೆಂಗಸು’. ಹೆಸರು ಇಲ್ಲ. ಆಮೇಲೆ ಅವಳು ಮಾತಾಡಿದಳು. ಅವಳ ಮಾತಿನ ಕೆಳಗೂ ಇಂಗ್ಲಿಷ್ ಸಾಲು ಓಡಿತು. ಹೊಟ್ಟೆಗೆ ಏನೂ ಇಲ್ಲ, ಅದಕ್ಕೆ ಊರು ಬಿಡುತ್ತಿದ್ದೇವೆ ಅಂತ. ಅಷ್ಟರಲ್ಲಿ ಚಿತ್ರ ಮುಂದಕ್ಕೆ ಹೋಗಿ, ಯಾದಗಿರಿ ಸ್ಟೇಷನ್ನಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ಕಾಯುತ್ತಾ ಕುಂತ ಜನರ ಮೇಲೆ ನಿಂತಿತು.

ಚಿತ್ರ ಮುಗಿದ ಮೇಲೆ ತಂಡದವರನ್ನು ಕಂಡು ವಿಷಯ ಹೇಳಿದೆ. ಒಳ್ಳೆಯ ಹುಡುಗರು. ಬಹಳ ಖುಷಿಪಟ್ಟರು. ಕೇಳಿದ ಕೂಡಲೇ ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟರು. ಊರಿಗೆ ತಂದು ತೋರಿಸಬೇಕು ಅನ್ನುವ ವಿಚಾರ ಅವರಿಗೆ ಬಂದೇ ಇರಲಿಲ್ಲ, ಅಷ್ಟೇ. ಕೆಟ್ಟ ಮನಸ್ಸಿನಿಂದ ಆದದ್ದಲ್ಲ. ಆದರೆ ಕೆಟ್ಟ ಮನಸ್ಸಿಲ್ಲದೆಯೂ ಒಬ್ಬರ ಮುಖ ಒಯ್ದು ವಾಪಸ್ ಕೊಡದೇ ಇರಬಹುದು ಅನ್ನುವುದು ನನಗೆ ಆವತ್ತು ತಿಳಿಯಿತು.

ಮುಂದಿನ ಅಮಾವಾಸ್ಯೆಗೆ ಊರಿಗೆ ಹೋದೆ. ಕಾಲೇಜಿನ ಪ್ರೊಜೆಕ್ಟರ್ ಎರವಲು ತಂದಿದ್ದೆ. ಶಾಲೆಯ ಗೋಡೆಗೆ ಸುಣ್ಣ ಹೊಡೆದಿದ್ದರು, ಅದೇ ಪರದೆ ಆಯಿತು. ರಾತ್ರಿ ಎಂಟಕ್ಕೆ ಓಣಿಯ ಜನವೆಲ್ಲಾ ಬಂದು ಕುಂತರು. ದೊಡ್ಡವ್ವ ಮುಂದಿನ ಸಾಲಿನಲ್ಲಿ. ತಾನು ಪರದೆಯ ಮೇಲೆ ಬಂದಾಗ ಅವಳು ನಗಲಿಲ್ಲ, ನಾಚಲೂ ಇಲ್ಲ. ಸುಮ್ನೆ ನೋಡುತ್ತಿದ್ದಳು. ಒಮ್ಮೆಲೇ ಎದ್ದು ನಿಂತಳು.

“ತಡಿ ತಡಿ. ಹಿಂದಕ ತಗೊ ಯವ್ವ. ಇನ್ನೊಮ್ಮೆ ತೋರ್ಸು.”

ನಾನು ಹಿಂದಕ್ಕೆ ತೆಗೆದೆ. ರೊಟ್ಟಿ ಕಟ್ಟುತ್ತಿರುವ ದೊಡ್ಡವ್ವನ ಹಿಂದೆ, ಬಾಗಿಲ ಹತ್ತಿರ, ಒಬ್ಬ ಗಂಡಸು ಬಗ್ಗಿ ಹಾಸಿಗೆ ಸುರುಳಿಗೆ ಹಗ್ಗ ಬಿಗಿಯುತ್ತಿದ್ದಾನೆ. ಮುಖ ಒಂದು ಕ್ಷಣ ಮಾತ್ರ ಕಾಣುತ್ತದೆ. ನಮ್ಮ ದೊಡ್ಡಪ್ಪ. ಅವರು ತೀರಿ ಆಗ ಎರಡು ವರ್ಷ ಆಗಿತ್ತು. ಬೆಂಗಳೂರಿನ ಹಾಲಿನಲ್ಲಿ ನಾನು ದೊಡ್ಡವ್ವನನ್ನೇ ನೋಡುತ್ತಿದ್ದೆ, ದೊಡ್ಡಪ್ಪನನ್ನು ಗಮನಿಸಿರಲಿಲ್ಲ. ಮನೆಯಲ್ಲಿ ಅವರದು ಆಧಾರ್ ಕಾರ್ಡಿನ ಫೋಟೊ ಒಂದೇ ಇತ್ತು. ನಡೆದಾಡುವ, ಬಗ್ಗುವ, ಹಗ್ಗ ಎಳೆಯುವ ದೊಡ್ಡಪ್ಪ ಆ ಚಿತ್ರದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಐದು ಸಲ ಹಿಂದಕ್ಕೆ ತೆಗೆಸಿದಳು. ಜನ ಯಾರೂ ಗೊಣಗಲಿಲ್ಲ.

ಆಮೇಲೆ ಮಾತಿನ ಭಾಗ ಬಂತು. ಇಂಗ್ಲಿಷ್ ಸಾಲು ಏನು ಹೇಳುತ್ತದೆ ಅಂತ ಕೇಳಿದಳು. ಹೇಳಿದೆ.

“ಅಲ್ಲವ್ವ, ಒತ್ತಿ ಹಾಕಿದ ಹೊಲ ಬಿಡಿಸ್ಕೊಳ್ಳಾಕ ಹೊಂಟೀನಿ ಅಂತ ಹೇಳಿದ್ದೆನಲ್ಲ. ಅದು ಎಲ್ಲಿ ಹೋತು?”

ಅದು ಎಲ್ಲೂ ಇರಲಿಲ್ಲ. ಎಡಿಟಿಂಗ್‌ನಲ್ಲಿ ಹೋಗಿತ್ತು. ಮಗಳ ಮದುವೆಗೆ ಎರಡು ಎಕರೆ ಒತ್ತಿ ಇಟ್ಟಿದ್ದರು. ನಾಲ್ಕು ವರ್ಷ ಪುಣೆಯಲ್ಲಿ ಕಟ್ಟಡದ ಕೆಲಸ ಮಾಡಿ, ಹೊಲ ಬಿಡಿಸಿಕೊಂಡು, ತೊಗರಿ ಬಿತ್ತಿದ್ದರು. ಚಿತ್ರದಲ್ಲಿ ದೊಡ್ಡವ್ವ ಹಸಿದವಳು. ಅವಳ ಲೆಕ್ಕದಲ್ಲಿ ಅವಳು ಹೊಲ ಬಿಡಿಸಿಕೊಂಡು ಬಂದವಳು. ಇವೆರಡರಲ್ಲಿ ಎಷ್ಟು ಅಂತರ ಇದೆ ನೋಡಿ.

ರಾತ್ರಿ ಮಲಗುವಾಗ ಇನ್ನೊಂದು ಮಾತು ಅಂದಳು. “ನನ್ನ ಹೆಸರು ಕೇಳಿದ್ರು, ಹೇಳಿದ್ದೆ. ಎರಡು ದಿನ ಊಟಾನೂ ಹಾಕಿದ್ದೆ. ಹೆಸರು ಯಾಕ ಬರೀಲಿಲ್ಲ?”

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಹತ್ತಿರ, ಕನಗನಹಳ್ಳಿಯಲ್ಲಿ, ಸುಮಾರು ಎರಡು ಸಾವಿರ ವರ್ಷದ ಹಿಂದಿನ ಬೌದ್ಧ ಸ್ತೂಪದ ಅವಶೇಷ ಇದೆ. ಅಲ್ಲಿ ಸಿಕ್ಕ ಒಂದು ಕಲ್ಲಿನಲ್ಲಿ ಅಶೋಕನನ್ನು ಕೆತ್ತಿದ್ದಾರೆ. ಅದು ಅಶೋಕನೇ ಅಂತ ಹೇಗೆ ಗೊತ್ತಾಯಿತು? ಶಿಲ್ಪಿ ಅಲ್ಲೇ ಬ್ರಾಹ್ಮಿ ಲಿಪಿಯಲ್ಲಿ ‘ರಾಯೋ ಅಸೋಕೋ’ ಅಂತ ಬರೆದಿದ್ದಾನೆ. ನಮ್ಮ ನೆಲದಲ್ಲಿ ಚಿತ್ರದ ಪಕ್ಕ ಹೆಸರು ಬರೆಯುವ ಪದ್ಧತಿ ಅಷ್ಟು ಹಳೆಯದು. ರಾಜನಿಗೆ ಬರೆದ ಹಾಗೆ ರೊಟ್ಟಿ ಕಟ್ಟುವವಳಿಗೂ ಬರೆಯಬಹುದಿತ್ತು. ಹೆಸರು ಹಾಕಿದರೆ ತೊಂದರೆ ಆಗುವಂಥ ಕಡೆ ಹಾಕಬಾರದು, ಅದು ನನಗೂ ಗೊತ್ತು. ದೇವದಾಸಿ ಪದ್ಧತಿಯಿಂದ ಹೊರಗೆ ಬಂದ ತಾಯಂದಿರ ಮುಖವನ್ನೇ ತೋರಿಸದೆ ಇರುವುದು ಎಷ್ಟೋ ಸಲ ಸರಿ. ಆದರೆ ಅದನ್ನು ತೀರ್ಮಾನ ಮಾಡಬೇಕಾದವರು ಅವರು. ಅವರನ್ನು ಕೇಳಬೇಕು.

ಈಗ ಮಂಡಳಿಯವರಿಗೆ ಒಂದು ಹಳೆಯ ವಿಷಯ ನೆನಪು ಮಾಡುತ್ತೇನೆ. ಟಿವಿ ಕರ್ನಾಟಕಕ್ಕೆ ಮೊದಲು ಬಂದದ್ದು ಎಲ್ಲಿಗೆ? ಬೆಂಗಳೂರಿಗೆ ಅಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ಅಮೆರಿಕದ ಒಂದು ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ತೋರಿಸುವ ಪ್ರಯೋಗ ನಡೆಯಿತು. ಸೈಟ್ ಅಂತ ಅದರ ಹೆಸರು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ಕೋಳಿ ಗೂಡಿಗೆ ಬಳಸುವ ಜಾಲರಿ ತಂತಿಯಿಂದ ಮಾಡಿದ ದೊಡ್ಡ ಆಂಟೆನಾ, ಊರಿಗೆಲ್ಲಾ ಒಂದೇ ಟಿವಿ. ಪ್ರಯೋಗ ಮುಗಿದ ಮೇಲೆ 1977ರಲ್ಲಿ ಗುಲ್ಬರ್ಗದಲ್ಲಿ ದೂರದರ್ಶನ ಶುರುವಾಯಿತು. ಬೆಂಗಳೂರಿಗೆ ಬಂದದ್ದು 1981ರಲ್ಲಿ. ಅಂದರೆ ನಾವು ನೋಡುವವರಾಗಿ ರಾಜ್ಯಕ್ಕೇ ಹಿರಿಯರು. ಆದರೆ ಸೈಟ್‌ನ ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನ ಕೇಂದ್ರದಲ್ಲಿ. ಬೀಜ ಹೇಗೆ ಬಿತ್ತಬೇಕು, ಮಕ್ಕಳನ್ನು ಹೇಗೆ ಸಾಕಬೇಕು ಅಂತ ನಮಗೆ ಹೇಳಿಕೊಡುತ್ತಿದ್ದರು. ಅದರಲ್ಲಿ ಒಳ್ಳೆಯದೂ ಇತ್ತು. ನಾವು ಹೇಳುವುದು ಏನಾದರೂ ಇದೆಯಾ ಅಂತ ಕೇಳುವ ದಾರಿ ಮಾತ್ರ ಇರಲಿಲ್ಲ. ಐವತ್ತು ವರ್ಷ ಆಯಿತು. ಕ್ಯಾಮೆರಾ ಚಿಕ್ಕದಾಗಿದೆ, ಜೇಬಿಗೆ ಬಂದಿದೆ. ದಾರಿ ಇನ್ನೂ ಒಂದೇ ಕಡೆಗೆ ಇದೆ.

ಬೇರೆ ರೀತಿ ಸಾಧ್ಯವಾ ಅಂತ ಕೇಳಿದರೆ, ಬೀದರ್‌ನಿಂದ ಜಹೀರಾಬಾದಿಗೆ ಹೋಗಿ ನೋಡಿ ಅನ್ನುತ್ತೇನೆ. ಈಗ ಅದು ತೆಲಂಗಾಣ. 1956ರ ತನಕ ಬೀದರ್ ಜಿಲ್ಲೆಯಲ್ಲೇ ಇತ್ತು. ನೆಲ ಒಂದೇ, ಬೆಳೆ ಒಂದೇ, ಬಡತನವೂ ಒಂದೇ ಥರದ್ದು. ಅಲ್ಲಿ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಅಂತ ಒಂದು ಸಂಸ್ಥೆ ಇದೆ. ಅದನ್ನು ಕಟ್ಟಿದವರಲ್ಲಿ ಮುಖ್ಯರಾದ ಪಿ.ವಿ. ಸತೀಶ್ ಮೈಸೂರಿನವರು, ದೂರದರ್ಶನದಲ್ಲಿ ಕೆಲಸ ಮಾಡಿದ್ದವರು. 2023ರಲ್ಲಿ ತೀರಿಕೊಂಡರು. ಅವರ ಸಂಘಗಳಲ್ಲಿ ಇರುವವರು ಹೆಚ್ಚಾಗಿ ದಲಿತ ರೈತ ಹೆಣ್ಣುಮಕ್ಕಳು. ಶಾಲೆ ಕಾಣದವರೂ ಇದ್ದಾರೆ. ಅವರೇ ಕ್ಯಾಮೆರಾ ಕಲಿತರು. ಬಿಟಿ ಹತ್ತಿ ಬಿತ್ತಿ ಕೈ ಸುಟ್ಟುಕೊಂಡ ವಾರಂಗಲ್ ರೈತರ ಬಗ್ಗೆ ಅವರೇ ಚಿತ್ರ ತೆಗೆದರು. 2008ರಲ್ಲಿ ಅಲ್ಲೇ ಪಕ್ಕದ ಮಾಚ್ನೂರಿನಲ್ಲಿ ತಮ್ಮದೇ ಸಂಘಂ ರೇಡಿಯೊ ಶುರು ಮಾಡಿದರು.

ಅವರು ಕ್ಯಾಮೆರಾ ಕೋನಗಳಿಗೆ ಇಟ್ಟ ಹೆಸರುಗಳನ್ನು ನಾನು ಪ್ರತಿ ವರ್ಷ ಕ್ಲಾಸಿನಲ್ಲಿ ಹೇಳುತ್ತೇನೆ. ಮೇಲಿಂದ ಕೆಳಗೆ ನೋಡಿ ತೆಗೆದರೆ ಅದು ಪಟೇಲ್ ಶಾಟ್. ಊರಿನ ಪಟೇಲ ಕೂಲಿಯವರನ್ನು ನೋಡುವುದೇ ಹಾಗೆ. ಕಣ್ಣಿಗೆ ಕಣ್ಣು ಸಮವಾಗಿ ಇಟ್ಟು ತೆಗೆದರೆ ಅದು ಸಂಘಂ ಶಾಟ್. ಸಂಘದಲ್ಲಿ ಎಲ್ಲರೂ ಕೆಳಗೆ ಚಾಪೆ ಮೇಲೆ ಸಮ ಸಮ ಕೂರುತ್ತಾರೆ. ಯಾವ ಪಠ್ಯಪುಸ್ತಕದಲ್ಲೂ ನನಗೆ ಇಷ್ಟು ಚೆನ್ನಾಗಿ ಹೇಳಿದ್ದು ಸಿಕ್ಕಿಲ್ಲ. ಇದನ್ನು ಕೇಳಿದ ಮೇಲೆ ನನ್ನ ವಿದ್ಯಾರ್ಥಿಗಳು ಒಂದು ಸಲ ಹಳೆಯ ಫೋಟೊ, ವಿಡಿಯೊ ಎಲ್ಲಾ ತಂದು ನೋಡಿದರು. ನಮ್ಮ ಭಾಗದ ಬರ, ಗುಳೆ, ತಾಂಡಾಗಳ ಚಿತ್ರಗಳಲ್ಲಿ ಎಷ್ಟು ಪಟೇಲ್ ಶಾಟ್ ಇವೆ ಅಂತ ಎಣಿಸುತ್ತಾ ಹೋದರು. ಸ್ವಲ್ಪ ಹೊತ್ತಿಗೆ ಎಣಿಸುವುದು ಬಿಟ್ಟು ಸುಮ್ಮನಾದರು.

ತೆಗೆದ ಚಿತ್ರವನ್ನು ಜನರ ನಡುವೆ ಒಯ್ದು ತೋರಿಸಿದವರೂ ಇದ್ದಾರೆ. 1997ರಲ್ಲಿ ಮುಂಬೈನ ರಮಾಬಾಯಿ ಕಾಲೊನಿಯಲ್ಲಿ ಪೊಲೀಸರು ಗುಂಡು ಹಾರಿಸಿ 10 ಜನ ದಲಿತರು ಸತ್ತರು. ಆನಂದ್ ಪಟವರ್ಧನ್ ಅದರಿಂದ ಶುರುಮಾಡಿ 14 ವರ್ಷ ಚಿತ್ರೀಕರಿಸಿ ‘ಜೈ ಭೀಮ್ ಕಾಮ್ರೇಡ್’ ಮಾಡಿದರು. ಚಿತ್ರ ಮುಗಿದ ಮೇಲೆ ಮುಂಬೈನ ಚಾಳುಗಳಲ್ಲಿ, ಬಸ್ತಿಗಳಲ್ಲಿ ಪರದೆ ಕಟ್ಟಿ ತೋರಿಸಿದರು. ಅದರಲ್ಲಿ ಬರುವ ಮರಾಠಿ ಭೀಮ ಗೀತೆಗಳು ಭಾಲ್ಕಿ, ಔರಾದ್, ಬಸವಕಲ್ಯಾಣದ ಓಣಿಗಳಿಗೆ ಹೊಸವಲ್ಲ. ಏಪ್ರಿಲ್ 14ರ ರಾತ್ರಿ ನಮ್ಮಲ್ಲೂ ಅಂಥವು ಮೊಳಗುತ್ತವೆ. ಆದರೆ ಆ ಚಿತ್ರವನ್ನು ಕನ್ನಡ ಸಾಲುಗಳ ಜೊತೆ ಬೀದರ್ ಜಿಲ್ಲೆಯ ಒಂದು ಓಣಿಯಲ್ಲಿ ಕುಂತು ನೋಡಬೇಕು ಅನ್ನುವುದು ನನ್ನ ಬಹಳ ದಿನದ ಆಸೆ.

‘ಖಬರ್ ಲಹರಿಯಾ’ದ ಹೆಣ್ಣುಮಕ್ಕಳ ವಿಷಯವೂ ನಿಮಗೆ ಗೊತ್ತಿರಬೇಕು. ಉತ್ತರ ಪ್ರದೇಶದ ಬುಂದೇಲ್‌ಖಂಡದಲ್ಲಿ ದಲಿತ ಹೆಣ್ಣುಮಕ್ಕಳೇ ಮುಂದೆ ನಿಂತು ನಡೆಸುವ ಸುದ್ದಿ ಸಂಸ್ಥೆ ಅದು. ಅವರ ಮೇಲೆ ತೆಗೆದ ‘ರೈಟಿಂಗ್ ವಿತ್ ಫೈರ್’ 2022ರಲ್ಲಿ ಆಸ್ಕರ್ ಅಂತಿಮ ಪಟ್ಟಿಗೆ ಹೋಯಿತು. ದೇಶವೆಲ್ಲಾ ಹೆಮ್ಮೆಪಡುತ್ತಿದ್ದಾಗ ಅವರೇ ಒಂದು ಹೇಳಿಕೆ ಕೊಟ್ಟರು. ಚಿತ್ರ ಮನ ಮುಟ್ಟುತ್ತದೆ, ಆದರೆ ನಮ್ಮ ಕೆಲಸದ ಒಂದು ತುಂಡನ್ನು ಮಾತ್ರ ತೋರಿಸಿದೆ, ಪೂರ್ತಿ ನಾವು ಹಾಗಿಲ್ಲ ಅಂದರು. ಚಿತ್ರ ಕೆಟ್ಟದು ಅಂತ ನಾನು ಹೇಳುತ್ತಿಲ್ಲ. ಅವರ ಕೈಯಲ್ಲಿ ಪತ್ರಿಕೆ ಇತ್ತು, ತಮ್ಮ ಮಾತು ಹೇಳಿದರು. ನಮ್ಮ ದೊಡ್ಡವ್ವ ಎಲ್ಲಿ ಹೇಳಬೇಕು?

ನನ್ನ ವಿದ್ಯಾರ್ಥಿಗಳ ವಿಷಯಕ್ಕೆ ಬರುತ್ತೇನೆ. ಕೊನೆಯ ಸೆಮಿಸ್ಟರ್‌ನಲ್ಲಿ ಎಲ್ಲರೂ ಮೊಬೈಲಿನಲ್ಲಿ ಒಂದು ಸಣ್ಣ ಸಾಕ್ಷ್ಯಚಿತ್ರ ಮಾಡಬೇಕು. ತಾಂಡಾದಿಂದ ಬರುವ ಒಬ್ಬ ಹುಡುಗಿ ಅವರ ಅಜ್ಜಿಯ ಕಸೂತಿ ಮತ್ತು ಅವರ ಮನೆಗೆ ಬಂದ ಹಕ್ಕುಪತ್ರ ಎರಡನ್ನೂ ಸೇರಿಸಿ ಚಿತ್ರ ಮಾಡಿದಳು. 2023ರ ಜನವರಿಯಲ್ಲಿ ಮಳಖೇಡದಲ್ಲಿ ಪ್ರಧಾನಿಗಳು 50 ಸಾವಿರಕ್ಕೂ ಜಾಸ್ತಿ ಲಂಬಾಣಿ ಕುಟುಂಬಗಳ ಹಕ್ಕುಪತ್ರ ವಿತರಣೆಗೆ ಚಾಲನೆ ಕೊಟ್ಟರಲ್ಲ, ಆ ಸುದ್ದಿ ಎಲ್ಲಾ ಟಿವಿಯಲ್ಲೂ ಬಂತು. ಆದರೆ ಆ ಕಾಗದವನ್ನು ಅಜ್ಜಿ ಮನೆಯೊಳಗೆ ಯಾವ ಡಬ್ಬಿಯಲ್ಲಿ, ಏನೇನರ ನಡುವೆ ಮಡಚಿ ಇಟ್ಟಿದ್ದಾಳೆ ಅನ್ನುವುದನ್ನು ಈ ಹುಡುಗಿ ಮಾತ್ರ ತೋರಿಸಿದಳು. ಅಜ್ಜಿ ಮಾತಾಡುವುದು ಲಂಬಾಣಿಗರ ಗೋರ್ ಬೋಲಿಯಲ್ಲಿ. ಕನ್ನಡ ಸಾಲುಗಳನ್ನು ಮೊಮ್ಮಗಳೇ ಬರೆದಳು.

ಇನ್ನೊಬ್ಬ ಹುಡುಗ. ಅವರ ಅಪ್ಪ ಚರಂಡಿ, ಚೇಂಬರ್ ಸ್ವಚ್ಛ ಮಾಡುವವರು. ಸುರಕ್ಷತೆಯ ಸಾಧನ ಇಲ್ಲದೆ ಚೇಂಬರ್ ಒಳಗೆ ಮನುಷ್ಯರನ್ನು ಇಳಿಸಬಾರದು ಅಂತ 2013ರಲ್ಲೇ ಕಾನೂನು ಆಗಿದೆ. ಆದರೂ ಕರೆ ಬರುತ್ತದೆ, ಹೋಗುತ್ತಾರೆ. ಅಪ್ಪನ ಮೇಲೆ ಚಿತ್ರ ಮಾಡುತ್ತೇನೆ ಅಂದ. ಆಮೇಲೆ ಒಂದು ದಿನ ಬಂದು ಹೇಳಿದ, “ಮೇಡಂ, ಅಪ್ಪ ಒಳಗ ಇಳಿಯೋದು ನಾ ತೆಗ್ಯಂಗಿಲ್ರಿ. ಅದನ್ನ ಎಲ್ಲಾರೂ ತೆಗೀತಾರ.”

ಅವನು ತೆಗೆದದ್ದು ಸಂಜೆಯನ್ನು. ಮನೆಯ ಹಿಂದೆ ಒಂದು ಬಕೆಟ್ ನೀರು. ಅಪ್ಪ ಮೊಣಕೈ ತನಕ ಸೋಪು ಹಚ್ಚುತ್ತಾರೆ, ತೊಳೆಯುತ್ತಾರೆ, ಮೂಸಿ ನೋಡುತ್ತಾರೆ. ಮತ್ತೆ ಹಚ್ಚುತ್ತಾರೆ. ಉಗುರಿನ ಸಂದಿಗೆ ಬೇವಿನ ಕಡ್ಡಿ ಹಾಕಿ ತೆಗೆಯುತ್ತಾರೆ. ಮತ್ತೆ ಮೂಸುತ್ತಾರೆ. ಮೂರನೇ ಸಲ ತೊಳೆದ ಮೇಲೆ ಒಳಗೆ ಹೋಗಿ ಚಿಕ್ಕ ಮಗಳನ್ನು ಎತ್ತಿಕೊಳ್ಳುತ್ತಾರೆ. ಒಟ್ಟು 11 ನಿಮಿಷದ ಚಿತ್ರ. ಮಾತು ಬಹಳ ಕಡಿಮೆ. ಕಾನೂನಿನ ಪುಸ್ತಕ ಓದಿ ನನಗೆ ಆಗದ ಹೊಟ್ಟೆಸಂಕಟ ಆ ಸೋಪು ನೋಡಿ ಆಯಿತು.

ಇಂಥ ಆರು ಚಿತ್ರ ಒಟ್ಟು ಮಾಡಿ ಊರಿನ ಜನರಿಗೆ ತೋರಿಸೋಣ ಅಂತ ಒಂದು ಸಭಾಂಗಣ ಕೇಳಲು ಹೋದೆ. ಯಾವುದು ಅಂತ ಬರೆಯುವುದಿಲ್ಲ. ಅಲ್ಲಿ ಕುಂತವರು ಸೆನ್ಸಾರ್ ಸರ್ಟಿಫಿಕೇಟ್ ಕೇಳಿದರು. ಪೊಲೀಸರ ಪತ್ರ ತನ್ನಿ ಅಂದರು. ಕೊನೆಗೆ ಪೆನ್ನು ಕೆಳಗಿಟ್ಟು, “ಇದು ಯಾರ ವಿರುದ್ಧ ಇದೆ?” ಅಂತ ಕೇಳಿದರು. ಒಬ್ಬ ಅಪ್ಪನ ಬಗ್ಗೆ ಇದೆ ಸರ್ ಅಂದೆ. ಎರಡು ವಾರ ಓಡಾಡಿದೆ. ಆಮೇಲೆ ನಮ್ಮ ಕ್ಲಾಸ್‌ರೂಮಿನಲ್ಲೇ ಕಿಟಕಿಗೆ ಚಾದರ ಕಟ್ಟಿ ತೋರಿಸಿದೆವು. ಆ ಹುಡುಗನ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಕೊನೆಯ ಬೆಂಚಿನಲ್ಲಿ ಕುಂತರು. ಮುಗಿದ ಮೇಲೆ ಏನೂ ಹೇಳಲಿಲ್ಲ. ಸೊಲ್ಲಾಪುರದಲ್ಲಿ ತಂಗಿ ಇದ್ದಾಳೆ, ಅವಳ ಮೊಬೈಲಿಗೆ ಕಳಿಸಲು ಬರುತ್ತದಾ ಅಂತ ಮಗನನ್ನು ಕೇಳಿದರು.

ಸರ್ಟಿಫಿಕೇಟ್ ಕೇಳಿದ್ದು ತಪ್ಪು ಅನ್ನಲಾರೆ. 1952ರ ಸಿನಿಮಾಟೊಗ್ರಾಫ್ ಕಾಯ್ದೆ ಇದೆ. ಸಿನಿಮಾ ನಿರ್ದೇಶಕ ಕೆ.ಎ. ಅಬ್ಬಾಸ್ ತಮ್ಮ ಒಂದು ಕಿರು ಸಾಕ್ಷ್ಯಚಿತ್ರಕ್ಕಾಗಿ ಸುಪ್ರೀಂ ಕೋರ್ಟ್ ತನಕ ಹೋದಾಗ, 1970ರಲ್ಲಿ ಕೋರ್ಟು ಸೆನ್ಸಾರ್ ಇರಲಿ ಅಂದಿತು. ಅದೇ ತೀರ್ಪಿನಲ್ಲಿ ನಿಯಮ ಸ್ಪಷ್ಟವಾಗಿ ಇರಬೇಕು ಅಂತಲೂ ಹೇಳಿತು. 1992ರಲ್ಲಿ ಇನ್ನೊಂದು ತೀರ್ಪು ಬಂತು. ಭೋಪಾಲ್ ಅನಿಲ ದುರಂತದ ಮೇಲಿನ ಸಾಕ್ಷ್ಯಚಿತ್ರವನ್ನು ತೋರಿಸಲು ದೂರದರ್ಶನ ಒಪ್ಪಿರಲಿಲ್ಲ. ಸರ್ಕಾರವನ್ನು ಟೀಕೆ ಮಾಡುತ್ತದೆ ಅನ್ನುವುದು ಚಿತ್ರವನ್ನು ತಡೆಯಲು ಕಾರಣ ಆಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಹಾಗಾಗಿ ‘ಯಾರ ವಿರುದ್ಧ’ ಅನ್ನುವ ಪ್ರಶ್ನೆಯನ್ನು ದಯವಿಟ್ಟು ಯಾವ ಮೇಜಿನ ಮೇಲೂ ಇಡಬೇಡಿ. ಜಿಲ್ಲಾಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟೇ. ವಿದ್ಯಾರ್ಥಿಗಳು, ಊರಿನ ಯುವಕರು ಟಿಕೆಟ್ ಇಲ್ಲದೆ ತೋರಿಸುವ ಚಿತ್ರಗಳಿಗೆ ಯಾರನ್ನು ಕೇಳಬೇಕು, ಏನೇನು ಕಾಗದ ಬೇಕು, ಎಷ್ಟು ದಿನದಲ್ಲಿ ಹೌದು ಅಥವಾ ಇಲ್ಲ ಅನ್ನುತ್ತೀರಿ ಅಂತ ಒಂದು ಹಾಳೆಯಲ್ಲಿ ಬರೆದು ಅಂಟಿಸಿ. ಸರ್ಟಿಫಿಕೇಟ್ ಬೇಕೇ ಬೇಕು ಅಂದರೆ, 11 ನಿಮಿಷದ ಮೊಬೈಲ್ ಚಿತ್ರಕ್ಕೆ ಆ ಹುಡುಗ ಬೆಂಗಳೂರಿನ ಕಚೇರಿಗೆ ಓಡಾಡದ ಹಾಗೆ ಇಲ್ಲಿಂದಲೇ ಅರ್ಜಿ ಹಾಕಿಸುವ ಒಬ್ಬರನ್ನು ಕೊಡಿ.

ಒಂದು ವಿಷಯಕ್ಕೆ ಮಾತ್ರ ಸಮಯ ಬಹಳ ಕಡಿಮೆ ಇದೆ. 1948. ನಮ್ಮ ಮೂರೂ ಜಿಲ್ಲೆಯ ಹಿರಿಯರ ಎದೆಯಲ್ಲಿ ಆ ವರ್ಷ ಇದೆ. ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ನಿಜಾಮನ ಪರ ಇದ್ದ ರಜಾಕಾರರು ಮಾಡಿದ ಹತ್ಯೆ ಇದೆ. ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆ ಆದ ಮೇಲೆ ಮುಸ್ಲಿಮರ ಮೇಲೆ ನಡೆದದ್ದು ಇದೆ. ಅದನ್ನು ನೋಡಿ ಬರಲು ಸರ್ಕಾರವೇ ಕಳಿಸಿದ ಸುಂದರಲಾಲ್ ಸಮಿತಿ, ಜಾಸ್ತಿ ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗ ಮತ್ತು ಬೀದರ್ ಹೆಸರು ಬರೆಯಿತು. ಆ ವರದಿ ಎಷ್ಟೋ ದಶಕ ಹೊರಗೆ ಬರಲಿಲ್ಲ. ಆಗ ಹತ್ತು ವರ್ಷದ ಹುಡುಗ ಹುಡುಗಿಯಾಗಿದ್ದವರು ಈಗ ತೊಂಬತ್ತರ ಹತ್ತಿರ ಇದ್ದಾರೆ. ಸೆಪ್ಟೆಂಬರ್ 17ಕ್ಕೆ ಧ್ವಜ ಹಾರಿಸುತ್ತೇವೆ, ಭಾಷಣ ಮಾಡುತ್ತೇವೆ. ಅವರ ಮುಂದೆ ಕುಂತು ಕೇಳಿಸಿಕೊಳ್ಳುವವರು ಎಷ್ಟು ಜನ? ಕನ್ನಡದಲ್ಲಿ ಹೇಳುವವರು ಇದ್ದಾರೆ, ದಖನಿಯಲ್ಲಿ ಹೇಳುವವರು ಇದ್ದಾರೆ, ಮರಾಠಿ, ತೆಲುಗಿನಲ್ಲಿ ಹೇಳುವವರು ಇದ್ದಾರೆ. ಊರು ಬಿಟ್ಟು ಓಡಿದವರೂ, ಓಡಿದವರನ್ನು ಜೋಳದ ಹೊಲದಲ್ಲಿ ಮುಚ್ಚಿಟ್ಟು ಕಾಪಾಡಿದವರೂ ಇದ್ದಾರೆ. ನನ್ನ ಒಬ್ಬ ವಿದ್ಯಾರ್ಥಿ ಅಂಥ ಒಬ್ಬ ಅಜ್ಜನ ಮಾತು ಚಿತ್ರೀಕರಿಸಲು ರವಿವಾರ ಹೋಗುವುದಿತ್ತು. ಶುಕ್ರವಾರ ಅಜ್ಜ ಹೋಗಿಬಿಟ್ಟರು. ಈ ಕೆಲಸವನ್ನು ಈ ವರ್ಷವೇ ಶುರುಮಾಡಿ. ಎಲ್ಲರ ಮಾತೂ ಬರಲಿ, ಯಾವುದನ್ನೂ ಕತ್ತರಿಸದೆ ಪೂರ್ತಿ ಇಡಿ.

ಮಂಡಳಿಗೆ ದುಡ್ಡಿನ ಮಾತು. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ಸಂವಿಧಾನಕ್ಕೆ ಸೇರಿ ಹತ್ತು ವರ್ಷ ಮೇಲಾಯಿತು. 2024-25ರ ಬಜೆಟ್ಟಿನಲ್ಲಿ ಮಂಡಳಿಗೆ 5000 ಕೋಟಿ ರೂಪಾಯಿ ಘೋಷಣೆ ಆಯಿತು. ರಸ್ತೆ, ಶಾಲೆ, ಆಸ್ಪತ್ರೆ ಮೊದಲು ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ನಾನು ಕೇಳುತ್ತಿರುವುದಕ್ಕೆ ಒಂದು ಸಮುದಾಯ ಭವನಕ್ಕೆ ಬೇಕಾದಷ್ಟೂ ಬೇಡ. ಮೂರೂ ಜಿಲ್ಲೆಯ ಕೇಂದ್ರ ಗ್ರಂಥಾಲಯಗಳಲ್ಲಿ ಒಂದೊಂದು ಕೋಣೆ. ಅದರಲ್ಲಿ ಒಂದು ಪರದೆ, ಒಂದು ಪ್ರೊಜೆಕ್ಟರ್, ನಮ್ಮ ಭಾಗದಲ್ಲಿ ಚಿತ್ರೀಕರಿಸಿದ ಎಲ್ಲಾ ಸಾಕ್ಷ್ಯಚಿತ್ರಗಳ ಪ್ರತಿ. ಯಾರು ಬೇಕಾದರೂ ಹೋಗಿ, ನಮ್ಮ ಊರಿನದು ಹಾಕಿ ಅಂತ ಕೇಳುವ ಹಾಗಿರಬೇಕು. ತಿಂಗಳಿಗೊಮ್ಮೆ ಆ ಪರದೆ ಒಂದು ಹಳ್ಳಿಗೆ, ಒಂದು ತಾಂಡಾಕ್ಕೆ ಹೋಗಬೇಕು. ಕನ್ನಡ ಸಾಲು ಬರೆಯುವ ಕೆಲಸಕ್ಕೆ ನಮ್ಮ ವಿಶ್ವವಿದ್ಯಾಲಯಗಳ ಮಕ್ಕಳೇ ಇದ್ದಾರೆ, ಅವರಿಗೆ ಸಂಭಾವನೆ ಕೊಡಿ. ಪುಕ್ಕಟೆ ಮಾಡಿಸಬೇಡಿ.

ನಿರ್ದೇಶಕರೇ, ನಿಮಗೂ ಒಂದು ಮಾತು. ನೀವು ಬರಬೇಕು. ನಿಮ್ಮ ಮೇಲೆ ಸಿಟ್ಟು ಮಾಡಿಕೊಂಡು ಬಾಗಿಲು ಹಾಕಿ ಅಂತ ನಾನು ಊರಿನವರಿಗೆ ಹೇಳುವವಳಲ್ಲ. ಶಹಾಬಾದಿನ ಕಲ್ಲುಗಣಿಯ ಧೂಳು ಎಷ್ಟು ಜನರ ಎದೆಯೊಳಗೆ ಕುಂತಿದೆ, ಬಿದ್ರಿ ಕೆಲಸದವರ ಮಕ್ಕಳು ಯಾಕೆ ಆ ಕೆಲಸ ಬಿಡುತ್ತಿದ್ದಾರೆ, ಮೊಹರಂನಲ್ಲಿ ರಿವಾಯತ್ ಪದ ಹಾಡುವ ಹಿಂದೂ ಹಿರಿಯರು ಇನ್ನೂ ಎಷ್ಟು ಜನ ಉಳಿದಿದ್ದಾರೆ, ಇದನ್ನೆಲ್ಲಾ ಹೊರಗಿನ ಕಣ್ಣು ಎಷ್ಟೋ ಸಲ ಬೇಗ ಗುರುತಿಸುತ್ತದೆ. ಆದರೆ ಮೊದಲಿನ ಕಾಲ ಈಗಿಲ್ಲ. ಮೊದಲು ಚಿತ್ರ ಊರಿಗೆ ಬರುತ್ತಲೇ ಇರಲಿಲ್ಲ. ಈಗ ಬರುತ್ತದೆ. ನೀವು ತರದಿದ್ದರೂ ಬರುತ್ತದೆ. ಯಾರೋ ಅದರಿಂದ ನಲವತ್ತು ಸೆಕೆಂಡ್ ಕತ್ತರಿಸಿ, ಮೇಲೆ ಏನೋ ಬರೆದು ವಾಟ್ಸಾಪ್‌ಗೆ ಬಿಡುತ್ತಾರೆ. ನಿಮಗೆ ನಂಬಿ ಮಾತು ಕೊಟ್ಟ ಹೆಣ್ಣುಮಗಳು ಅದನ್ನು ಮಾವನ ಮೊಬೈಲಿನಲ್ಲಿ ನೋಡುತ್ತಾಳೆ. ಅದಕ್ಕಿಂತ ಮೊದಲು ನೀವೇ ಬನ್ನಿ. ಎಡಿಟಿಂಗ್ ಮುಗಿಯುವ ಮುಂಚೆ ಒಂದು ಸಲ, ಮುಗಿದ ಮೇಲೆ ಒಂದು ಸಲ. ಹೆಸರು ಹಾಕಲಾ ಅಂತ ಕೇಳಿ. ಬಜೆಟ್ ಬರೆಯುವಾಗಲೇ ಆ ಎರಡು ಸಲದ ರೈಲು ಚಾರ್ಜು ಸೇರಿಸಿ. ಊಟದ ಚಿಂತೆ ಬೇಡ, ರೊಟ್ಟಿ, ಪುಂಡಿಪಲ್ಲೆ ನಾವು ಹಾಕುತ್ತೇವೆ.

ನಮ್ಮ ದೊಡ್ಡವ್ವನ ಚಿತ್ರ ತೆಗೆದ ತಂಡಕ್ಕೆ ಅವಳ ಮಾತು ಬರೆದು ಕಳಿಸಿದ್ದೆ. ಅವರು ಹಳೇ ಡಿಸ್ಕ್ ಹುಡುಕಿ, ಹೊಲದ ಮಾತಿರುವ ತುಣುಕನ್ನು ಕಳಿಸಿಕೊಟ್ಟರು. ಒಂದು ನಿಮಿಷ ಇಪ್ಪತ್ತು ಸೆಕೆಂಡ್ ಇದೆ. ಅದರ ಜೊತೆ ವಿದ್ಯಾರ್ಥಿಗಳದು, ಗೆಳೆಯರದು, ಕೇಳಿ ಪಡೆದದ್ದು ಎಲ್ಲಾ ಸೇರಿ ನನ್ನ ಹತ್ತಿರ ಒಂದು ಹಾರ್ಡ್ ಡಿಸ್ಕಿನಲ್ಲಿ ಈಗ 43 ಚಿತ್ರ ಇವೆ. ಎಲ್ಲವಕ್ಕೂ ತೆಗೆದವರ ಒಪ್ಪಿಗೆ ಪತ್ರ ಇಟ್ಟುಕೊಂಡಿದ್ದೇನೆ. ಗ್ರಂಥಾಲಯದಲ್ಲಿ ಕೋಣೆ ಕೊಟ್ಟ ದಿನ ತಂದು ಒಪ್ಪಿಸುತ್ತೇನೆ. ಪ್ರೊಜೆಕ್ಟರ್ ಬರುವುದು ತಡವಾದರೆ ಕಾಲೇಜಿನದು ರವಿವಾರ ಸಿಗುತ್ತದೆ, ಕೇಳಿ ಇಟ್ಟಿದ್ದೇನೆ.

ಇಂತಿ ನಿಮ್ಮ,
ಒಬ್ಬ ಅತಿಥಿ ಉಪನ್ಯಾಸಕಿ
ಕಲಬುರಗಿ